ಹದಿನೇಳನೇ ನಂಬರಿನ ಕೋಟು

ನನ್ನ ಗಂಡನ ಶವಸಂಸ್ಕಾರ ಮುಗಿದು, ನೆಂಟರೆಲ್ಲ ತಂತಮ್ಮ ಬಸ್ಸು ಹಿಡಿದು ಹೋದ ಮೇಲೆ ಬಂದ ಮೊದಲ ಮಾಮೂಲಿ ಬೆಳಿಗ್ಗೆ, ಏಳೂವರೆಗೆ ಸರಿಯಾಗಿ ಬಾಗಿಲ ಗಂಟೆ ಸದ್ದು ಮಾಡಿತು. ತೆರೆದರೆ ದಪ್ಪನೆಯ ಮನುಷ್ಯರೊಬ್ಬರು ಕಿತ್ತಳೆ ಹಣ್ಣಿನ ಚೀಲ ಹಿಡಿದುಕೊಂಡು ನಿಂತಿದ್ದರು.

"ನಾನು ಹದಿನೇಳು," ಎಂದರು.

ನಾನು ಒಳಗೆ ಕರೆದೆ. ಆ ವಾರ ಯಾರು ಏನು ಹೇಳಿದರೂ ನಾನು ಒಳಗೆ ಕರೆಯುತ್ತಿದ್ದೆ. ನೀರಿನ ಮೀಟರ್ ನೋಡಲು ಬಂದವನು ಕೂಡ ಕುರ್ಚಿಯಲ್ಲಿ ಕೂತು ಕಾಫಿ ಕುಡಿದು, ಕಣ್ಣೊರೆಸಿಕೊಂಡು, ಮೀಟರ್ ನೋಡದೆ ಹೋಗಿದ್ದ.

ಹದಿನೇಳು ಎನ್ನುವುದು ವಯಸ್ಸಲ್ಲ, ಮನೆಯ ನಂಬರೂ ಅಲ್ಲ. ನನ್ನ ಗಂಡ ಕೆಲಸ ಮಾಡುತ್ತಿದ್ದ ಶೀತಲಗೃಹದಲ್ಲಿ ಒಳಗೆ ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗಿನ ಚಳಿ. ಹೊರಗೆ ಡಿಸೆಂಬರಿನಲ್ಲೂ ಊರು ಬೇಯುತ್ತಿರುತ್ತದೆ, ಒಳಗೆ ನಲವತ್ತು ಜನ ಹತ್ತಿ ತುಂಬಿದ ದಪ್ಪ ಕೋಟು ಹಾಕಿಕೊಂಡು, ಟೋಪಿ ಎಳೆದುಕೊಂಡು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಪೆಟ್ಟಿಗೆ ಹೊರುತ್ತಿರುತ್ತಾರೆ. ಯಾರ ಮುಖವೂ ಯಾರಿಗೂ ಕಾಣುವುದಿಲ್ಲ. ಕಾಣುವುದು ಬೆನ್ನ ಮೇಲಿನ ನಂಬರ್ ಮಾತ್ರ. ಹಾಗಾಗಿ ಅಲ್ಲಿ ಎಲ್ಲರೂ ನಂಬರಿನವರೇ. ನನ್ನ ಗಂಡ ಹನ್ನೆರಡು. ಹತ್ತು ವರ್ಷ ಜೊತೆಗೆ ಕೆಲಸ ಮಾಡಿದವರು ಬೀದಿಯಲ್ಲಿ ಎದುರಾದರೆ ಒಬ್ಬರನ್ನೊಬ್ಬರು ಗುರುತಿಸದೆ ಹೋಗಿಬಿಡುತ್ತಿದ್ದರಂತೆ. ತಿರುಗಿ ಬೆನ್ನು ನೋಡಿ ನಿರಾಶರಾಗುತ್ತಿದ್ದರಂತೆ.

ಹದಿನೇಳರವರು ಬಂದದ್ದು ತಮ್ಮ ಕೋಟು ಕೇಳಲು. ಇದು ನನಗೆ ಗೊತ್ತಾದದ್ದು ಹನ್ನೊಂದು ದಿನದ ಮೇಲೆ. ಓದುವವರು ಅಷ್ಟು ಕಾಯುವುದು ಬೇಡ, ಈಗಲೇ ಹೇಳಿಬಿಡುತ್ತೇನೆ.

ನಮ್ಮ ಕಟ್ಟಡದಲ್ಲಿರುವ ಇಪ್ಪತ್ತು ಮನೆಯವರೂ ಬೇರೆ ಬೇರೆ ಕಡೆಯಿಂದ ಹೊಟ್ಟೆಪಾಡಿಗೆ ಬಂದವರು. ಕ್ರಿಸ್‌ಮಸ್ ದಿನ ಕೆಳಗಿನ ಅಂಗಳದಲ್ಲಿ ಎಲ್ಲರಿಗೂ ಒಟ್ಟಿಗೆ ಊಟ. ಈ ಸಲ ನನ್ನ ಗಂಡ ಕ್ರಿಸ್‌ಮಸ್ ತಾತ ಆಗುವುದೆಂದು ತೀರ್ಮಾನವಾಗಿತ್ತು. ಅಂಗಡಿಯಲ್ಲಿ ಸಿಗುವ ತಾತನ ಅಂಗಿ ತೆಳು, ಅದನ್ನು ನೋಡಿದರೆ ಮಕ್ಕಳಿಗೆ ನಂಬಿಕೆ ಬರುವುದಿಲ್ಲ ಎಂದು ಅವರ ವಾದ. ಶೀತಲಗೃಹದಲ್ಲಿ ಹಣ್ಣಿನ ವಿಭಾಗದವರ ಕೋಟು ನೀಲಿ, ಮೀನಿನವರದು ಕೆಂಪು. ನನ್ನ ಗಂಡ ಹಣ್ಣಿನವರು. ಅದಕ್ಕೇ ಮೀನಿನ ವಿಭಾಗದ ಹದಿನೇಳರಿಂದ ಒಂದೇ ಒಂದು ದಿನದ ಮಟ್ಟಿಗೆ, ಅಳತೆ ನೋಡಿ ಕೊಡುತ್ತೇನೆ ಎಂದು ಕೋಟು ತಂದರು. ನನಗೆ "ಕೋಟು ತಂದಿದ್ದೀನಿ" ಎಂದಷ್ಟೇ ಹೇಳಿದರು. ನಾನು ಭಾನುವಾರ ಕೂತು, ಬೆನ್ನ ಮೇಲಿನ ನಂಬರ್ ಗಮನಿಸದೆ, ಅಂಚಿಗೂ ತೋಳಿಗೂ ಬಿಳಿ ಹತ್ತಿ ಹೊಲಿದೆ. ಸೋಮವಾರ ಬೆಳಿಗ್ಗೆ ಬಸ್‌ ನಿಲ್ದಾಣದಲ್ಲಿ ಅವರ ಹೃದಯ ನಿಂತಿತು. ಕೋಟು ಮನೆಯಲ್ಲಿ ಉಳಿಯಿತು.

ಇನ್ನು ಶೀತಲಗೃಹದ ಕಾನೂನು. ಕೋಟಿಲ್ಲದವನಿಗೆ ಒಳಗೆ ಪ್ರವೇಶವಿಲ್ಲ. ಬೇರೆಯವರ ನಂಬರಿನ ಕೋಟು ಹಾಕುವಂತಿಲ್ಲ. ಡಿಸೆಂಬರ್ ಇಪ್ಪತ್ತಾರರ ಬೆಳಿಗ್ಗೆ ಆರು ಗಂಟೆಗೆ ಕೋಟುಗಳ ವಾರ್ಷಿಕ ತಪಾಸಣೆ. ಆಗ ಕೋಟು ತೋರಿಸದವನನ್ನು ಹೊರಗಿನ ಅಂಗಳಕ್ಕೆ, ಲಾರಿಯಿಂದ ಸರಕು ಇಳಿಸುವ ಕೆಲಸಕ್ಕೆ, ಬಿಸಿಲಿಗೆ ಹಾಕುತ್ತಾರೆ. ಹದಿನೇಳರವರು ಹದಿನಾಲ್ಕು ವರ್ಷ ಮಂಜುಗಡ್ಡೆಯ ಮಧ್ಯೆ ಬದುಕಿದವರು. ನಮ್ಮ ಮನೆಯ ಎರಡು ಮಹಡಿ ಹತ್ತಿ ಬರುವಷ್ಟರಲ್ಲಿ ಬೆಣ್ಣೆಯ ಹಾಗೆ ಕರಗಿರುತ್ತಿದ್ದರು. ಬಿಸಿಲಿನ ಕೆಲಸವೆಂದರೆ ಅವರಿಗೆ ಒಂದೇ ವಾರದ ಆಯುಷ್ಯ ಎಂದು ಅವರೇ ಲೆಕ್ಕ ಹಾಕಿದ್ದರು. ಜ್ವರ ಎಂದು ರಜೆ ಹಾಕಿ, ಕೋಟು ಕೇಳಲು ಬಂದರು.

ಆದರೆ ಗಂಡನನ್ನು ಕಳೆದುಕೊಂಡವಳ ಎದುರು ಕೂತು, ಅಮ್ಮಾ, ನನ್ನ ಕೋಟು ಕೊಡಿ ಎಂದು ಹೇಗೆ ಕೇಳುವುದು? ಇದನ್ನು ಯಾವ ಶಾಲೆಯಲ್ಲೂ ಹೇಳಿಕೊಡುವುದಿಲ್ಲ.

"ಕೂತ್ಕೊಳ್ಳಿ," ಎಂದೆ.

ಕೂತರು. ಕೋಟು ನನ್ನ ಕುರ್ಚಿಯ ಹಿಂದೆ, ಮಲಗುವ ಕೋಣೆಯ ಬಾಗಿಲಿನ ಮೊಳೆಗೆ ನೇತುಹಾಕಿತ್ತು. ಅವರು ನನ್ನ ತಲೆಯಿಂದ ಗೇಣು ಮೇಲೆ ನೋಡುತ್ತಾ ಕೂತರು. ಕಣ್ಣು ತುಂಬಿ ಬಂತು.

"ಅಕ್ಕಾ, ಒಂದು ಮಾತು..." ಎಂದರು. ನನಗಿಂತ ಹತ್ತು ವರ್ಷಕ್ಕಾದರೂ ದೊಡ್ಡವರು.

ನಾನು ಮುಖ ಎತ್ತಿದೆ. ಅವರು ನನ್ನ ಮುಖ ನೋಡಿದರು.

"ಕಿತ್ತಳೆ ಸಿಹಿಯಾಗಿದೆ, ತಿನ್ನಿ," ಎಂದು ಎದ್ದು ಹೋದರು.

ಮರುದಿನ ಏಳೂವರೆಗೆ ಮತ್ತೆ ಗಂಟೆ. ಮತ್ತೆ ಒಂದು ಡಜನ್ ಕಿತ್ತಳೆ, ಮತ್ತೆ ನನ್ನ ತಲೆಯ ಮೇಲೆ ಗೇಣು ಎತ್ತರಕ್ಕೆ ಒದ್ದೆ ಕಣ್ಣಿನ ನೋಟ. "ಅಕ್ಕಾ, ಒಂದು ಮಾತು..." ಎಂದು ಆರಂಭ, "ಈ ಸಲ ಸೆಕೆ ಜಾಸ್ತಿ" ಎಂದು ಮುಕ್ತಾಯ. ಮೂರನೆಯ ದಿನವೂ ಅದೇ. ನಾಲ್ಕನೆಯ ದಿನ ಸ್ವಲ್ಪ ಮುಂದುವರಿದು, "ಹನ್ನೆರಡರವರು ಒಳ್ಳೇ ಮನುಷ್ಯ. ಏನಾದ್ರೂ ತಗೊಂಡ್ರೆ..." ಎಂದವರು ನಾಲಿಗೆ ಕಚ್ಚಿಕೊಂಡು, "ತಗೊಂಡ್ರೆ ಚೆನ್ನಾಗಿ ನೋಡ್ಕೋತಿದ್ರು," ಎಂದು ಮುಗಿಸಿ, ಮೆಟ್ಟಿಲಲ್ಲಿ ತಲೆ ಚಚ್ಚಿಕೊಳ್ಳುತ್ತಾ ಇಳಿದರು. ಚಚ್ಚಿಕೊಂಡ ಸದ್ದು ನಮ್ಮ ಮನೆಗೆ ಕೇಳಿಸಲಿಲ್ಲ. ಎದುರುಮನೆಯಾಕೆಗೆ ಕೇಳಿಸಿತು.

ಎದುರುಮನೆಯಾಕೆಗೆ ಕೇಳಿಸದ ಸದ್ದು ನಮ್ಮ ಕಟ್ಟಡದಲ್ಲಿ ಆಗುವುದೇ ಇಲ್ಲ. ಅವರ ಬಾಗಿಲು ನಮ್ಮ ಬಾಗಿಲಿಗೆ ಎದುರಾಗಿದೆ. ಸೆಕೆ ಎಂಬ ಕಾರಣಕ್ಕೆ ಎರಡೂ ತೆರೆದಿರುತ್ತವೆ. ಐದನೆಯ ದಿನ ಅವರು ನನ್ನ ಮಾವನನ್ನು ಮೆಟ್ಟಿಲಲ್ಲಿ ತಡೆದರು.

"ನಾನು ಯಾರ ವಿಷಯಕ್ಕೂ ಹೋಗೋಳಲ್ಲ, ನಿಮಗೇ ಗೊತ್ತು."

ಮಾವ ಬಂದು ಆರೇ ದಿನವಾಗಿತ್ತು, ಅವರಿಗೆ ಗೊತ್ತಿರಲಿಲ್ಲ.

"ಆದ್ರೂ ಹೇಳ್ತೀನಿ. ಆ ಮನುಷ್ಯ ನಿಮ್ಮ ಸೊಸೆ ಕಡೆಯಿಂದ ಕಣ್ಣು ಕೀಳಲ್ಲ. ದಿನಾ ಹಣ್ಣು ಬೇರೆ! ಹೋಗ್ತಾ ತಲೆ ಚಚ್ಕೋತಾನೆ!"

"ಅಕ್ಕ ಅಂತಾನಲ್ರೀ," ಎಂದರು ಮಾವ.

"ಶುರುವಾಗೋದೆಲ್ಲ ಅಕ್ಕ ಅಂತಾನೇ."

ನನ್ನ ಮಾವನ ಬಗ್ಗೆ ಎರಡು ಮಾತು. ಅವರು ತಣ್ಣನೆಯ ಬೆಟ್ಟದೂರಿನ ನಿವೃತ್ತ ಅಂಚೆ ಮಾಸ್ತರರು. ಯಾವ ವಿಷಯವೂ ತನಗೆ ಗೊತ್ತಿಲ್ಲ ಎಂದು ಈವರೆಗೆ ಒಪ್ಪಿಕೊಂಡವರಲ್ಲ. ಮಗ ತೀರಿಕೊಂಡ ಸುದ್ದಿ ಹೇಳಲು ಫೋನ್ ಮಾಡಿದಾಗಲೂ, ಮೊದಲು ಅಭ್ಯಾಸಬಲದಿಂದ "ಗೊತ್ತು, ಗೊತ್ತು" ಎಂದವರು, ಆಮೇಲೆ ಸಿಕ್ಕ ಮೊದಲ ಬಸ್ಸಿಗೆ ಹೊರಟು ಬಂದರು. ಅವರು ಎದುರುಮನೆಯಾಕೆಯ ಮೇಲೆ ರೇಗಲಿಲ್ಲ. ನನ್ನ ಮೇಲೂ ರೇಗಲಿಲ್ಲ. ಎರಡು ದಿನ ಯೋಚಿಸಿದರು. ಸೊಸೆಗೆ ಇನ್ನೂ ಚಿಕ್ಕ ವಯಸ್ಸು, ತಾನು ಎಷ್ಟು ದಿನ ಇರುತ್ತೇನೆ, ಮನುಷ್ಯ ನೋಡಲು ಒರಟಾದರೂ ಅಳು ಬರುವ ಜಾತಿ, ಹಣ್ಣೂ ತರುತ್ತಾನೆ. ಹೀಗೆಲ್ಲ ಕೂಡಿಸಿ, ಮಗನ ತಂದೆಯಾಗಿದ್ದವರು ನನ್ನ ತಂದೆಯಾಗಲು ನಿರ್ಧರಿಸಿದರು.

ಈ ನಡುವೆ ಕಟ್ಟಡದ ಕಾರ್ಯದರ್ಶಿ ಬಂದರು. ಅವರು ಶೋಕದ ಮನೆಗೆಂದು ಚಪ್ಪಲಿಯನ್ನು ಒಂದು ಮಹಡಿ ಕೆಳಗೇ ಬಿಟ್ಟು ಬಂದಿದ್ದರು.

"ಊಟ ಈ ವರ್ಷ ಬೇಡ ಅಂತ ಎಲ್ಲರ ಅಭಿಪ್ರಾಯ. ತಾತ ಆಗ್ಬೇಕಿದ್ದವರೇ..." ಎಂದು ಫ್ಯಾನಿನ ಕಡೆ ನೋಡಿದರು.

"ಯಾರು ಹೇಳಿದ್ದು ಬೇಡ ಅಂತ?" ಎಂದರು ಮಾವ. "ನನ್ನ ಮಗ ಒಪ್ಪಿಕೊಂಡ ಕೆಲಸ. ನಾನು ಮಾಡ್ತೀನಿ. ತಾತ ಆಗೋಕೆ ನನಗಿಂತ ಯಾರಿಗೆ ಅರ್ಹತೆ ಇದೆ? ಕೋಟು ರೆಡಿ ಇದೆ."

"ಸೆಕೆ ಸಾರ್. ಮಧ್ಯಾಹ್ನ ಮೂವತ್ತೊಂಬತ್ತು ಡಿಗ್ರಿ..."

"ಸೆಕೆ ನಮಗೇನ್ರೀ ಮಾಡುತ್ತೆ? ನಾವು ಚಳಿ ದೇಶದವರು. ಮೂಳೆಯಲ್ಲಿ ಐಸು ಇದೆ."

ಎಂಟನೆಯ ದಿನ ಮಾವ ಹದಿನೇಳರವರನ್ನು ಮೆಟ್ಟಿಲ ತಿರುವಿನಲ್ಲಿ ಹಿಡಿದರು. ಅಲ್ಲಿ ನಡೆದ ಮಾತುಕತೆಯನ್ನು ಆಮೇಲೆ ಇಬ್ಬರಿಂದಲೂ ಬೇರೆ ಬೇರೆಯಾಗಿ ಕೇಳಿ ಜೋಡಿಸಿದ್ದೇನೆ.

"ನಿನ್ನ ಮನಸ್ಸಲ್ಲಿ ಏನಿದೆ ಅಂತ ನನಗೆ ಗೊತ್ತಪ್ಪ."

"ಗೊತ್ತಾಯ್ತಾ ಸಾರ್?" ಹದಿನೇಳರವರು ಮೆಟ್ಟಿಲ ಕಂಬಿಗೆ ಒರಗಿ ಅತ್ತೇಬಿಟ್ಟರು. "ಎಂಟು ದಿನದಿಂದ ಬಾಯಿಗೆ ಬರುತ್ತೆ, ಹೊರಗೆ ಬರಲ್ಲ ಸಾರ್. ಇಂಥಾ ಹೊತ್ತಲ್ಲಿ ಕೇಳೋದು ತಪ್ಪಲ್ವಾ?"

"ಹೊತ್ತು ಸರಿ ಇಲ್ಲ, ನಿಜ. ಆದ್ರೆ ಜೀವನ ನಡೀಬೇಕಲ್ಲ."

"ಅದೇ ಸಾರ್! ಜೀವನ ನಡೀಬೇಕು!"

"ಕ್ರಿಸ್‌ಮಸ್ ದಿನ ಅಂಗಳದಲ್ಲಿ ಎಲ್ಲರ ಎದುರಿಗೆ ಮಾತು ಮುಗಿಸ್ತೀನಿ."

"ಎಲ್ಲರ ಎದುರಿಗೆ ಬೇಡ ಸಾರ್, ನಾಚಿಕೆ. ಹಿಂದಿನ ಬಾಗಿಲಲ್ಲಿ ಕೊಟ್ಬಿಡಿ, ಸುಮ್ನೆ ತಗೊಂಡು ಹೋಗ್ತೀನಿ."

"ಹಿಂದಿನ ಬಾಗಿಲ ವ್ಯವಹಾರ ನಮ್ಮ ಮನೆತನದಲ್ಲಿ ಇಲ್ಲ!" ಮಾವನ ದನಿ ಮೂರನೇ ಮಹಡಿಗೆ ಮುಟ್ಟಿತು.

"ಆಗ್ಲಿ ಸಾರ್, ನಿಮ್ಮಿಷ್ಟ," ಎಂದರು ಹದಿನೇಳು. ಇಲ್ಲ ಎನ್ನುವುದು ಅವರಿಗೆ ಹುಟ್ಟಿನಿಂದ ಬಾರದ ವಿದ್ಯೆ. "ಆದ್ರೆ ಇಪ್ಪತ್ತಾರಕ್ಕೆ ಬೆಳಿಗ್ಗೆ ಆರು ಗಂಟೆ ಒಳಗೆ ಎಲ್ಲಾ ಆಗ್ಬೇಕು. ಆರೂವರೆ ಆದ್ರೆ ನಾನು ಸತ್ತೆ."

"ಅಷ್ಟೊಂದು ಅವಸರನಾ?"

"ಹದಿನಾಲ್ಕು ವರ್ಷದಿಂದ ಅದರ ಬೆಚ್ಚಗಿನಲ್ಲೇ ಬದುಕಿದೋನು ಸಾರ್..."

ಈ ಕೊನೆಯ ಮಾತು ಮಾವನಿಗೆ ಸರಿಯಾಗಿ ಅರ್ಥವಾಗಲಿಲ್ಲ. ಅರ್ಥವಾಗದ್ದನ್ನು ಕೇಳಿ ತಿಳಿಯುವುದು ಅವರ ಪದ್ಧತಿಯಲ್ಲ. "ಗೊತ್ತು, ಗೊತ್ತು," ಎಂದು ಬೆನ್ನು ತಟ್ಟಿದರು. "ಮನೆಯವರನ್ನೂ ಕರ್ಕೊಂಡು ಬಾ."

ಮೇಲೆ ಬಂದು ನನಗೆ ಹೇಳಿದರು: "ಒಳ್ಳೇ ಮನುಷ್ಯ ಕಣಮ್ಮ. ಸ್ವಲ್ಪ ಅವಸರದವನು ಅಷ್ಟೆ."

ಯಾವುದಕ್ಕೆ ಎಂದು ನಾನು ಕೇಳಲಿಲ್ಲ. ಆ ತಿಂಗಳು ನಾನು ಏನನ್ನೂ ಕೇಳಲಿಲ್ಲ. ಕಿತ್ತಳೆ ಸುಲಿಯುತ್ತಿದ್ದೆ. ತೊಂಬತ್ತಾರು ಆಗಿದ್ದವು.

ಕ್ರಿಸ್‌ಮಸ್ ದಿನ ಮಧ್ಯಾಹ್ನ ಅಂಗಳಕ್ಕೆ ತಾಡಪಾಲು ಕಟ್ಟಿ, ಕೆಳಗೆ ಉದ್ದದ ಮೇಜು ಹಾಕಿದರು. ತಾಡಪಾಲು ಬಿಸಿಲನ್ನು ತಡೆದು, ಸೆಕೆಯನ್ನು ಹಿಡಿದಿಟ್ಟುಕೊಂಡಿತು. ಮೇಜಿನ ಮೇಲಿನ ಮೇಣದ ಬತ್ತಿಗಳು ಹಚ್ಚುವ ಮೊದಲೇ ಒಂದೊಂದಾಗಿ ಸೊಂಟ ಬಗ್ಗಿಸಿ ಬಂದವರಿಗೆಲ್ಲ ನಮಸ್ಕಾರ ಮಾಡಿದವು. ಕೇಕಿನ ಮೇಲಿನ ಬಿಳಿ ಕೆನೆ ಜಾರಿ ತಟ್ಟೆಗೆ ಇಳಿದಿತ್ತು. ಮಕ್ಕಳು ಅದನ್ನು ಚಮಚದಲ್ಲಿ ಕುಡಿಯುತ್ತಿದ್ದರು. ದೊಡ್ಡವರು ಪ್ರತಿ ವರ್ಷದ ಪದ್ಧತಿಯಂತೆ ತಂತಮ್ಮ ಊರಿನ ಕ್ರಿಸ್‌ಮಸ್ ಚಳಿಯನ್ನು ವರ್ಣಿಸುತ್ತಿದ್ದರು. ನಮ್ಮೂರಲ್ಲಿ ಕಿಟಕಿ ತೆರೆಯೋಕಾಗಲ್ಲ ಎಂದು ಒಬ್ಬರು. ನಮ್ಮೂರಲ್ಲಿ ಕಿಟಕಿಯೇ ಕಾಣಲ್ಲ, ಮಂಜು ಎಂದು ಇನ್ನೊಬ್ಬರು. ಮರಳುಗಾಡಿನ ಅಂಚಿನಿಂದ ಬಂದ ಕಾರ್ಯದರ್ಶಿಯೂ ಹಿಂದೆ ಬೀಳದೆ, "ನಮ್ಮಲ್ಲಿ ಒಂಟೆಗೆ ಸ್ವೆಟರ್ ಹಾಕ್ತಿದ್ರು," ಎಂದರು.

ಹನ್ನೆರಡೂವರೆಗೆ ಶೀತಲಗೃಹದ ಗಾಡಿ ಬಂತು. ಮಕ್ಕಳು ಕಾಲಿಟ್ಟು ಆಡಲೆಂದು ನನ್ನ ಗಂಡ ತಿಂಗಳ ಹಿಂದೆಯೇ ಹೇಳಿಟ್ಟಿದ್ದ ಮಂಜುಗಡ್ಡೆ. ಎರಡು ದೊಡ್ಡ ತೊಟ್ಟಿಗಳಿಗೆ ಸುರಿದು ಹೋದರು. ಹೇಳಿದ ಹೊತ್ತಿಗೆ ಸರಿಯಾಗಿ ಬಂದಿತ್ತು.

ಒಂದು ಗಂಟೆಗೆ ಮಾವ ಮೆಟ್ಟಿಲಿಳಿದು ಬಂದರು. ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗಿನ ಚಳಿ ತಡೆಯಲು ಮಾಡಿದ ಕೋಟಿನ ಜಿಪ್ಪನ್ನು ಮೊಣಕಾಲಿನಿಂದ ಗಂಟಲವರೆಗೆ ಎಳೆದುಕೊಂಡು, ಟೋಪಿ ಏರಿಸಿ, ಅಂಟಿನಿಂದ ಹತ್ತಿಯ ಗಡ್ಡ ಅಂಟಿಸಿಕೊಂಡಿದ್ದರು. ಅಂಗಳವೆಲ್ಲ ಚಪ್ಪಾಳೆ ತಟ್ಟಿತು. ಮೊದಲ ಮಗುವಿಗೆ ಉಡುಗೊರೆ ಕೊಟ್ಟಾಗ ಮಾವ ಗಟ್ಟಿಯಾಗಿ ನಕ್ಕರು. ಮೂರನೆಯ ಮಗುವಿಗೆ ಮುಗುಳ್ನಕ್ಕರು. ಐದನೆಯ ಮಗುವಿಗೆ ಉಡುಗೊರೆ ಕೊಟ್ಟು, ಅದರ ತಲೆಯನ್ನೇ ಆಧಾರಕ್ಕೆ ಹಿಡಿದುಕೊಂಡರು.

ಅಷ್ಟು ಹೊತ್ತಿಗೆ ಹದಿನೇಳರವರು ಗೇಟಿನಿಂದ ಒಳಗೆ ಬಂದರು. ಜೊತೆಗೆ ಒಬ್ಬ ಹೆಂಗಸು, ಜಡೆ ಹೆಣೆದ ಇಬ್ಬರು ಹೆಣ್ಣುಮಕ್ಕಳು.

"ಯಾರಪ್ಪ ಇವರು?" ಗಡ್ಡದೊಳಗಿಂದ ಮಾವ.

"ಕರ್ಕೊಂಡು ಬಾ ಅಂದ್ರಲ್ಲ ಸಾರ್. ಮನೆಯವ್ರು. ಇವಳು ಹೆಂಡ್ತಿ."

"ಹೆಂಡ್ತಿ ಇದ್ದಾಳಾ ನಿನಗೆ?"

"ಇದ್ದಾಳೆ ಸಾರ್. ಹನ್ನೆರಡು ವರ್ಷದಿಂದ."

"ಮತ್ತೆ ನನ್ನ ಸೊಸೆ?"

ಇಪ್ಪತ್ತು ಮನೆಯ ಚಮಚಗಳು ಒಟ್ಟಿಗೆ ನಿಂತವು. ಎದುರುಮನೆಯಾಕೆ ಕುರ್ಚಿಯನ್ನು ಒಂದಡಿ ಮುಂದಕ್ಕೆ ಎಳೆದುಕೊಂಡರು. ಹದಿನೇಳರವರ ಹೆಂಡತಿ ನಿಧಾನವಾಗಿ ಗಂಡನ ಕಡೆ ತಿರುಗಿದರು.

"ಇವರ ಸೊಸೆ ಏನು?" ಎಂದರು.

"ನನಗೂ ಗೊತ್ತಿಲ್ಲ ಕಣೇ," ಎಂದರು ಹದಿನೇಳು.

"ದಿನಾ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗ್ತೀರಿ ಅಂದ್ರೆ, ಹಣ್ಣು ತರೋಕೆ ಅಂದ್ರಿ. ಹತ್ತು ದಿನದಿಂದ ಒಂದು ಹಣ್ಣು ಮನೆಗೆ ಬಂದಿಲ್ಲ!"

"ನನ್ನ ಮಗನ ಮನೆಗೆ ಬಂದು..." ಎಂದು ಮಾವ ಕೈ ಎತ್ತಿದರು. ಕೈ ಎತ್ತಿದ್ದು ಹೊಡೆಯಲು. ಆದರೆ ಅದು ಮೇಲೆ ಹೋಗಿ, ಅಲ್ಲೇ ಸ್ವಲ್ಪ ಯೋಚಿಸಿ, ಅವರನ್ನೂ ಸೇರಿಸಿಕೊಂಡು ಕೆಳಗೆ ಬಂತು. ತಾತ ನೆಲಕ್ಕುರುಳಿದರು.

ಕಾರ್ಯದರ್ಶಿ ಓಡಿಬಂದು ಜಿಪ್ ಎಳೆದರು. ನಾನು ಹೊಲಿದ ಹತ್ತಿ ಅದರ ಹಲ್ಲಿಗೆ ಸಿಕ್ಕಿಕೊಂಡಿತ್ತು, ಅಲ್ಲಾಡಲಿಲ್ಲ. ಒಬ್ಬರು ಕತ್ತರಿ ತಂದರು.

"ಕತ್ತರಿ ಹಾಕ್ಬೇಡಿ!"

ಹದಿನಾಲ್ಕು ವರ್ಷ ಯಾರಿಗೂ ದನಿ ಎತ್ತದ ಹದಿನೇಳರವರು ಮೇಜಿನ ಮೇಲಿಂದ ಹಾರಿ ಬಂದರು. ಕೇಕಿನ ಒಂದು ಬದಿ ಅವರ ಜೊತೆ ಬಂತು. ಮಾವನನ್ನು ಮಗುಚಿ, ಅವರ ಮೇಲೆ ಕೂತು, ಟೋಪಿಯ ಕೆಳಗೆ ಕತ್ತಿನ ಹಿಂದೆ ಕೈ ಹಾಕಿದರು.

"ಅಯ್ಯೋ, ಕತ್ತು ಹಿಸುಕ್ತಿದ್ದಾನೆ!" ಎಂದು ಎದುರುಮನೆಯಾಕೆ ಕಿರುಚಿದರು. ಕಾರ್ಯದರ್ಶಿ ಹದಿನೇಳರವರ ಒಂದು ಕಾಲು ಹಿಡಿದೆಳೆದರು, ಹೆಂಡತಿ ಇನ್ನೊಂದು ಕಾಲು. ಕಾರ್ಯದರ್ಶಿ ಬಿಡಿಸಲು ಎಳೆಯುತ್ತಿದ್ದರು. ಹೆಂಡತಿಯ ಉದ್ದೇಶ ಬೇರೆಯಿತ್ತು.

ಕೋಟಿನ ಒಳಗೆ, ಕತ್ತಿನ ಹಿಂದೆ, ಚಳಿಗೆ ಜಿಪ್ ಹೆಪ್ಪುಗಟ್ಟಿದಾಗ ಎಳೆಯಲೆಂದೇ ಒಂದು ಕೊಂಡಿ ಇರುತ್ತದೆ. ಅದನ್ನು ಎಳೆದರೆ ಬೆನ್ನು ಎರಡಾಗಿ ಬಿಚ್ಚಿಕೊಳ್ಳುತ್ತದೆ. ಅದು ಗೊತ್ತಿದ್ದವರು ಅಂಗಳದಲ್ಲಿ ಒಬ್ಬರೇ. ಎಳೆದರು. ಬಟಾಣಿ ಸಿಪ್ಪೆಯೊಳಗಿಂದ ಕಾಳು ಹಾರುವ ಹಾಗೆ ಮಾವ ಹೊರಗೆ ಬಂದರು. ನಾಲ್ಕು ಜನ ಎತ್ತಿ ಮಂಜುಗಡ್ಡೆಯ ತೊಟ್ಟಿಯಲ್ಲಿ ಕೂರಿಸಿದರು. ಹದಿನೇಳರವರು ಕೋಟನ್ನು ಎದೆಗಪ್ಪಿಕೊಂಡು ನೆಲದಲ್ಲೇ ಕೂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ನನ್ನ ಕೋಟು. ಇದು ನನ್ನ ಕೋಟು. ಹನ್ನೆರಡರವರು ಒಂದು ದಿನಕ್ಕೆ ಅಂತ ಇಸ್ಕೊಂಡಿದ್ರು. ನಾಳೆ ಬೆಳಿಗ್ಗೆ ಆರಕ್ಕೆ ತೋರಿಸದೇ ಇದ್ರೆ ಬಿಸಿಲಿಗೆ ಹಾಕ್ತಾರೆ. ಅಕ್ಕನ ಮುಖ ನೋಡಿ ಕೇಳೋಕೆ ಆಗ್ಲಿಲ್ಲ."

ತೊಟ್ಟಿಯಲ್ಲಿ ಅರ್ಧ ಗಡ್ಡದೊಂದಿಗೆ ಕೂತಿದ್ದ ಮಾವ ಕಣ್ಣು ಬಿಟ್ಟರು.

"ಕೋಟಾ?"

"ಕೋಟು ಸಾರ್."

"ಬರೀ ಕೋಟಾ?"

"ಬರೀ ಕೋಟು ಸಾರ್."

ಮಾವ ಸ್ವಲ್ಪ ಹೊತ್ತು ಮಂಜುಗಡ್ಡೆ ನೋಡಿದರು. "ಗೊತ್ತಿತ್ತು," ಎಂದರು.

ಆಗ ನನಗೆ ನಗು ಬಂತು. ಹೊಟ್ಟೆಯಿಂದ ಬಂದು ನಿಲ್ಲಲೇ ಇಲ್ಲ. ಎದುರುಮನೆಯಾಕೆ ನಾನು ಅಳುತ್ತಿದ್ದೇನೆಂದು ತಿಳಿದು, "ಅತ್ತುಬಿಡಮ್ಮ, ಹಗುರಾಗುತ್ತೆ," ಎಂದು ತಬ್ಬಿಕೊಂಡರು. ಅವರು ಆ ತಿಂಗಳು ಹೇಳಿದ್ದರಲ್ಲಿ ಸರಿಯಾಗಿದ್ದದ್ದು ಅದೊಂದೇ.

ಕೋಟನ್ನು ಹಾಗೇ ಒಯ್ಯುವಂತಿರಲಿಲ್ಲ. ಹತ್ತಿಯ ಅಂಚು ಕಂಡರೆ ತಪಾಸಣೆಯವರು ಬಿಡುವುದಿಲ್ಲ. "ಹೊಲಿದವಳು ನಾನು, ಬಿಚ್ಚೋದೂ ನಾನೇ," ಎಂದೆ. "ನಾಳೆ ನಾನೇ ತಂದುಕೊಡ್ತೀನಿ. ತಗೊಂಡಿದ್ದು ನಮ್ಮ ಮನೆಯವರು, ವಾಪಸ್ ಬರೋದೂ ನಮ್ಮ ಮನೆಯಿಂದಲೇ ಬರ್ಲಿ." ಹದಿನೇಳರವರ ಮುಖ ಸಣ್ಣದಾಯಿತು. ಆದರೂ "ಆಗ್ಲಿ ಅಕ್ಕಾ," ಎಂದರು.

ಅವರ ಹೆಂಡತಿ ಸಂಜೆಯವರೆಗೆ ನನ್ನ ಜೊತೆ ಕೂತು ದಾರ ಬಿಚ್ಚಿದರು. "ಹನ್ನೆರಡು ವರ್ಷದಲ್ಲಿ ಗಂಡನ ಮೇಲೆ ಅನುಮಾನ ಪಡೋಕೆ ಒಂದೇ ಒಂದು ಅವಕಾಶ ಸಿಕ್ಕಿತ್ತು," ಎಂದರು. "ಅದೂ ಕೋಟಾಯ್ತು." ಹೋಗುವಾಗ ಮೂರು ಡಜನ್ ಕಿತ್ತಳೆ ಕಟ್ಟಿಕೊಂಡರು; ನ್ಯಾಯವಾಗಿ ಅವರದೇ.

ಮರುದಿನ ಬೆಳಿಗ್ಗೆ ಬಸ್ಸು ತಡವಾಯಿತು. ಶೀತಲಗೃಹದ ಗೇಟಿನಿಂದ ಮಾವ ಮತ್ತು ನಾನು ಓಡಿದೆವು. ಒಳಬಾಗಿಲ ಹತ್ತಿರ ಉದ್ದನೆಯ ಗೋಡೆಗೆ ನಲವತ್ತು ಕೊಕ್ಕೆ, ಪ್ರತಿ ಕೊಕ್ಕೆಯ ಮೇಲೆ ನಂಬರು, ಕೆಳಗೆ ಒಬ್ಬೊಬ್ಬ ಮನುಷ್ಯ. ಕನ್ನಡಕದ ಅಧಿಕಾರಿ ಆಗಲೇ ಕೂಗಲು ಶುರು ಮಾಡಿದ್ದರು. ಕೂಗಿದವನು ತನ್ನ ಕೋಟು ಮುಟ್ಟಿ "ಇದೆ" ಎನ್ನಬೇಕು. ಹದಿನೇಳರ ಕೊಕ್ಕೆ ಖಾಲಿಯಿತ್ತು. ಅದರ ಕೆಳಗೆ ನಿಂತವರು ಕಣ್ಣು ಮುಚ್ಚಿಕೊಂಡು ತುಟಿ ಅಲ್ಲಾಡಿಸುತ್ತಿದ್ದರು.

"ಹನ್ನೊಂದು?"

"ಇದೆ."

"ಹನ್ನೆರಡು?"

ಮೂವತ್ತೊಂಬತ್ತು ಜನ ನೆಲ ನೋಡಿದರು. ಹನ್ನೆರಡರ ಕೊಕ್ಕೆಯಲ್ಲಿ ಒಂದು ನೀಲಿ ಕೋಟು ನೇತಾಡುತ್ತಿತ್ತು. ಒಂದು ಜೇಬಿನಲ್ಲಿ ಕೈಗವಸು ತುರುಕಿತ್ತು.

"ಹನ್ನೆರಡು?" ಎಂದರು ಅಧಿಕಾರಿ ಮತ್ತೆ, ಹಾಳೆಯಿಂದ ತಲೆ ಎತ್ತದೆ. ಅವರು ಹೊಸಬರಂತೆ.

ನಾನು ಹೋಗಿ ಅದರ ತೋಳು ಮುಟ್ಟಿದೆ. "ಇದೆ," ಎಂದೆ.

ಅವರು ಗುರುತು ಹಾಕಿದರು. ತಪಾಸಣೆ ಕೋಟುಗಳದ್ದು, ಮನುಷ್ಯರದ್ದಲ್ಲ.

"ಹದಿಮೂರು?"

"ಇದೆ."

ಒಳಗಿನ ದೊಡ್ಡ ಬಾಗಿಲನ್ನು ಯಾರೋ ತೆರೆದರು. ಬಿಳಿ ಹೊಗೆಯಂಥ ಗಾಳಿ ನೆಲದ ಮೇಲೆ ಹರಿದು ಬಂತು. ನನಗೆ ಚಳಿಯಾಯಿತು. ಹಿಂದಿನಿಂದ ಮಾವ, "ಈಗ ಹವೆ ಸರಿ ಇದೆ," ಎಂದರು.

ಹದಿನಾಲ್ಕು ಇತ್ತು. ಹದಿನೈದು ಇತ್ತು. ಹದಿನಾರರವರು ಕೆಮ್ಮಿ, ಕ್ಷಮೆ ಕೇಳಿ, ಇದೆ ಎಂದರು.

"ಹದಿನೇಳು?" ಎನ್ನುವಷ್ಟರಲ್ಲಿ ನಾನು ಕೆಂಪು ಕೋಟನ್ನು ಅವರ ಕೈಗೆ ಕೊಟ್ಟೆ.

"ಒಂದು ದಿನ ಅಂದಿದ್ರು," ಎಂದೆ. "ತಡವಾಯ್ತು."